ದ್ವೀಪದ ಪೇಟೆಗೆ ಖಾಝಿಯಾದ ಇಬ್ನ್ ಬತೂತ

ಸುಮಾರು 680 ವರ್ಷಗಳ ಹಿಂದಿನ ಮಾತು. ಮಂಗಳೂರಿನ ಅಳಿವೆಯಲ್ಲಿ ಹಡಗೊಂದು ಲಂಗರು ಹಾಕಿತ್ತು. ದಿಲ್ಲಿ ಸುಲ್ತಾನರ ಪರವಾಗಿ ಚೀನಾಕ್ಕೆ ಹೊರಟ ರಾಯಭಾರಿಯೊಬ್ಬರು ಅದರಲ್ಲಿದ್ದರು. ಊರಿನ ಖಾಝಿ ಬದ್ರುದ್ದೀನ್ ಮಅಬರಿ ಹಡಗು ಹತ್ತಿ ಬಂದು, ಇಳಿದು ನಮ್ಮಲ್ಲಿ ತಂಗಬೇಕು ಎಂದು ಕೇಳಿಕೊಂಡರು. ಅತಿಥಿ ಒಪ್ಪಲಿಲ್ಲ. ಹಿಂದಿನ ಬಂದರಾದ ಬಾರ್ಕೂರಿನಲ್ಲಿ ಅರಸ ತನ್ನ ಮಗನನ್ನೇ ಒತ್ತೆಯಾಗಿ ಹಡಗಿಗೆ ಕಳಿಸಿದ್ದ, ಇಲ್ಲಿಯ ಅರಸನೂ ಹಾಗೆ ಮಾಡಲಿ, ಆಮೇಲೆ ಇಳಿಯುತ್ತೇವೆ ಎಂದರು. ಖಾಝಿ ಅದಕ್ಕೆ ಕೊಟ್ಟ ಉತ್ತರ ಗಟ್ಟಿಯಾದದ್ದು. ಬಾರ್ಕೂರಿನ ಮುಸ್ಲಿಮರಿಗೆ ಊರಲ್ಲಿ ಬಲವಿಲ್ಲ, ಅದಕ್ಕೆ ಅಲ್ಲಿ ಒತ್ತೆ ಬೇಕಾಯಿತು. ಇಲ್ಲಿ ಹಾಗಲ್ಲ, ಅರಸನೇ ನಮಗೆ ಅಂಜುತ್ತಾನೆ ಎಂಬ ಅರ್ಥದ ಮಾತು. ಅತಿಥಿ ಆಗಲೂ ಜಗ್ಗಲಿಲ್ಲ. ಕೊನೆಗೆ ಅರಸನ ಮಗ ಹಡಗಿಗೆ ಬಂದ ಮೇಲೆಯೇ ಅವರು ನೆಲಕ್ಕೆ ಕಾಲಿಟ್ಟದ್ದು. ಮೂರು ದಿನ ಇದ್ದು ಮುಂದೆ ಹೋದರು.

ಆ ಅತಿಥಿಯೇ ಇಬ್ನ್ ಬತೂತ. ಮಂಗಳೂರಿನಲ್ಲಿ ಸುಮಾರು 4,000 ಮುಸ್ಲಿಮರು ತಮ್ಮದೇ ಕೇರಿಯಲ್ಲಿದ್ದರು, ಪಾರಸೀಕ ಮತ್ತು ಯಮನಿನ ವರ್ತಕರು ಇಲ್ಲಿ ಇಳಿಯುತ್ತಿದ್ದರು, ಮೆಣಸು ಶುಂಠಿ ಹೇರಳ ಸಿಗುತ್ತಿತ್ತು ಎಂದು ನಮಗೆ ತಿಳಿದಿರುವುದು ಅವರಿಂದಲೇ. ಊರಿನವರಿಗೂ ಈ ಕೇರಿಯವರಿಗೂ ಆಗಾಗ ಜಗಳ ಹತ್ತುತ್ತಿತ್ತು, ವರ್ತಕರಿಲ್ಲದೆ ಬಂದರು ನಡೆಯದು ಎಂಬ ಕಾರಣಕ್ಕೆ ಅರಸ ನಡುವೆ ನಿಂತು ರಾಜಿ ಮಾಡಿಸುತ್ತಿದ್ದ ಎಂಬುದನ್ನೂ ಅವರು ಮುಚ್ಚಿಡದೆ ಹೇಳಿದ್ದಾರೆ. ಬ್ಯಾರಿಗಳ ಚರಿತ್ರೆ ಬರೆಯಹೊರಟವರೆಲ್ಲ ಈ ಕೆಲವು ಸಾಲುಗಳನ್ನು ಎತ್ತಿಕೊಳ್ಳುತ್ತಾರೆ. ಆದರೆ ಅಷ್ಟಕ್ಕೇ ನಿಲ್ಲಿಸಿಬಿಡುತ್ತಾರೆ. ಇಲ್ಲಿಂದ ಹೋದ ಮೇಲೆ ಆ ಮನುಷ್ಯ ಕಡಲ ನಡುವಿನ ಒಂದು ಪುಟ್ಟ ಪೇಟೆಗೆ ಖಾಝಿಯಾಗಿ, ಅಲ್ಲಿನ ದಿನನಿತ್ಯದ ಆಡಳಿತವನ್ನು ಕೈಗೆತ್ತಿಕೊಂಡು, ಏನೇನು ಮಾಡಿದರು, ಏನೇನು ಮಾಡಲಾಗದೆ ಹೋದರು ಎಂಬ ಭಾಗ ನಮ್ಮ ಕಡೆ ಹೆಚ್ಚು ಜನರಿಗೆ ಗೊತ್ತಿಲ್ಲ.

ಅಬೂ ಅಬ್ದುಲ್ಲಾ ಮುಹಮ್ಮದ್ ಇಬ್ನ್ ಬತೂತ ಹುಟ್ಟಿದ್ದು 1304ರ ಫೆಬ್ರವರಿಯಲ್ಲಿ, ಮೊರೊಕ್ಕೊದ ಟ್ಯಾಂಜಿಯರಿನಲ್ಲಿ. ಖಾಝಿಗಳ ಮನೆತನ. 1325ರ ಜೂನ್‌ನಲ್ಲಿ ಹಜ್‌ಗೆಂದು ಒಬ್ಬರೇ ಹೊರಟಾಗ ವಯಸ್ಸು 21. ಹಜ್ ಆಯಿತು, ಆದರೆ ಕಾಲು ನಿಲ್ಲಲಿಲ್ಲ. ಈಜಿಪ್ಟ್, ಶಾಮ್, ಇರಾಕ್, ಯಮನ್, ಪೂರ್ವ ಆಫ್ರಿಕದ ಕರಾವಳಿ, ತುರ್ಕರ ನಾಡು, ಹೀಗೆ ಸುತ್ತುತ್ತಾ 1333ರಲ್ಲಿ ಸಿಂಧೂ ನದಿ ದಾಟಿ ದಿಲ್ಲಿಗೆ ಬಂದರು. ಹೊರದೇಶದ ವಿದ್ವಾಂಸರನ್ನು ಕಂಡರೆ ಮುಹಮ್ಮದ್ ಬಿನ್ ತುಘ್ಲಕರಿಗೆ ಬಹಳ ಪ್ರೀತಿ. ವರ್ಷಕ್ಕೆ 12,000 ದೀನಾರ್ ಸಂಬಳಕ್ಕೆ ದಿಲ್ಲಿಯ ಖಾಝಿ ಮಾಡಿಬಿಟ್ಟರು. ಇವರು ಮಾಲಿಕಿ ಮದ್‌ಹಬಿನವರು, ಅಲ್ಲಿಯವರು ಹನಫಿ. ಇವರಿಗೆ ಊರಿನ ಭಾಷೆಯೂ ಸರಿಯಾಗಿ ಬಾರದು. ಅದಕ್ಕೆ ಇಬ್ಬರು ಸಹಾಯಕರನ್ನು ಕೊಟ್ಟರು. ದೊಡ್ಡ ಹುದ್ದೆ, ದೊಡ್ಡ ಸಂಬಳ, ದೊಡ್ಡ ಸಾಲ ಮತ್ತು ಸುಲ್ತಾನರ ಕೋಪದ ಭಯ, ಇಷ್ಟರಲ್ಲಿ ಎಂಟು ವರ್ಷ ಕಳೆಯಿತು. 1342ರ ಜುಲೈನಲ್ಲಿ ಚೀನಾದ ದೊರೆಗೆ ಉಡುಗೊರೆ ಹೊತ್ತ ತಂಡದ ಮುಖ್ಯಸ್ಥರಾಗಿ ದಿಲ್ಲಿ ಬಿಟ್ಟರು. ಗುಜರಾತಿನ ಕರಾವಳಿಯಲ್ಲಿ ಹಡಗು ಹತ್ತಿ ಗೋವೆ ದಾಟಿ ನಮ್ಮ ಕಡಲಿಗೆ ಬಂದರು.

ಹೊನ್ನಾವರ ಅವರಿಗೆ ತುಂಬಾ ಹಿಡಿಸಿದ ಊರು. ಅಲ್ಲಿನ ಸುಲ್ತಾನ್ ಜಮಾಲುದ್ದೀನ್ ಮುಹಮ್ಮದ್, ತನಗಿಂತ ದೊಡ್ಡ ಅರಸನೊಬ್ಬನಿಗೆ ಅಧೀನನಾಗಿದ್ದರೂ, ಕಡಲ ಬಲದಿಂದಾಗಿ ಮಲಬಾರಿನವರು ಅವನಿಗೆ ವರ್ಷವರ್ಷ ಹಣ ಒಪ್ಪಿಸುತ್ತಿದ್ದರು. ಊರಿನವರು ಶಾಫಿಈಗಳು; ಬೇಸಾಯವಿಲ್ಲ, ಜೀವನವೆಲ್ಲ ಕಡಲ ವ್ಯಾಪಾರದ ಮೇಲೆ. ಹೆಂಗಸರು ಕುರ್‌ಆನ್ ಕಂಠಪಾಠ ಮಾಡಿಕೊಂಡವರು. ಹೆಣ್ಣುಮಕ್ಕಳ ಶಾಲೆ 13, ಗಂಡುಮಕ್ಕಳದ್ದು 23 ಇತ್ತು ಎಂದು ಎಣಿಸಿ ಹೇಳಿದ್ದಾರೆ. ಇಂಥದ್ದನ್ನು ಬೇರೆಲ್ಲೂ ಕಂಡಿಲ್ಲವೆಂದೂ ಸೇರಿಸಿದ್ದಾರೆ. ಲೋಕ ಸುತ್ತಿದವರ ಬಾಯಲ್ಲಿ ಈ ಮಾತು ಬಂದದ್ದು ಸಣ್ಣದಲ್ಲ. ನಮ್ಮ ಕರಾವಳಿಯಲ್ಲಿ ಹೆಣ್ಣುಮಕ್ಕಳ ಓದು ನಿನ್ನೆ ಮೊನ್ನೆ ಹೊರಗಿನಿಂದ ಬಂದ ಹೊಸ ರೂಢಿ ಎಂದು ಯಾರಾದರೂ ವಾದಿಸಿದರೆ ಈ 13 ಶಾಲೆಗಳನ್ನು ನೆನಪಿಸಬಹುದು.

ಬಾರ್ಕೂರಿನಲ್ಲಿ ಅವರು ಗಮನಿಸಿದ್ದು ಬಂದರಿನ ತೆರಿಗೆ. ಆ ದಾರಿಯಲ್ಲಿ ಹೋಗುವ ಯಾವುದೇ ಹಡಗು ಒಳಗೆ ಬಂದು ಅರಸನಿಗೆ ಕಾಣಿಕೆ ಸಲ್ಲಿಸಲೇಬೇಕು. ಅದಕ್ಕೆ ಬಂದರಿನ ಹಕ್ಕು ಎಂದು ಹೆಸರು. ತಪ್ಪಿಸಿಕೊಂಡು ಹೋದರೆ ಅರಸನ ದೋಣಿಗಳು ಬೆನ್ನಟ್ಟಿ ಎಳೆದು ತಂದು ಎರಡರಷ್ಟು ವಸೂಲಿ ಮಾಡುತ್ತಿದ್ದವು. ಮಲಬಾರಿನ ದಾರಿಗಳನ್ನೂ ಅವರು ಹೊಗಳಿದ್ದಾರೆ. ಉದ್ದಕ್ಕೂ ಮರದ ನೆರಳು, ಅರ್ಧರ್ಧ ಮೈಲಿಗೆ ಬೆಂಚು ಹಾಕಿದ ಮರದ ಚಾವಡಿ, ಪಕ್ಕದಲ್ಲಿ ಬಾವಿ, ನೀರು ಸೇದಿ ಕೊಡಲು ಒಬ್ಬ ಮನುಷ್ಯ. ಹಿಂದೂಗಳಿಗಾದರೆ ಪಾತ್ರೆಯಲ್ಲಿ, ಮುಸ್ಲಿಮರಿಗಾದರೆ ಬೊಗಸೆಗೆ. ನೀರು ಮಾತ್ರ ಎಲ್ಲರಿಗೂ ಸಿಗುತ್ತಿತ್ತು.

ಇಷ್ಟು ಓದುವಾಗ ಒಂದು ವಿಷಯ ಗೊತ್ತಾಗುತ್ತದೆ. ಈ ಮನುಷ್ಯನ ಕಣ್ಣು ಅರಮನೆಯ ಮೇಲೆ ಎಷ್ಟಿತ್ತೋ ಅಷ್ಟೇ ಬಾವಿ, ದಾರಿ, ತೆರಿಗೆ, ಶಾಲೆಗಳ ಮೇಲೂ ಇತ್ತು.

ಚೀನಾದ ಪ್ರಯಾಣ ಕಲ್ಲಿಕೋಟೆಯಲ್ಲಿ ಮುರಿದುಬಿತ್ತು. ಜುಮಾ ನಮಾಝ್‌ಗೆಂದು ಇವರು ದಡದಲ್ಲಿ ಉಳಿದಿದ್ದರು. ಬಿರುಗಾಳಿಗೆ ಉಡುಗೊರೆ ಹೇರಿದ್ದ ದೊಡ್ಡ ಹಡಗು ಒಡೆದುಹೋಯಿತು, ಇವರ ಸಾಮಾನಿದ್ದ ಇನ್ನೊಂದು ಇವರನ್ನು ಬಿಟ್ಟು ಹೊರಟೇಹೋಯಿತು. ದಿಲ್ಲಿಗೆ ಬರಿಗೈಯಲ್ಲಿ ಮರಳಿದರೆ ಸುಲ್ತಾನರು ಏನು ಮಾಡಿಯಾರೋ ಎಂಬ ದಿಗಿಲು. ಹೊನ್ನಾವರಕ್ಕೆ ವಾಪಸು ಬಂದು ಸುಲ್ತಾನ್ ಜಮಾಲುದ್ದೀನರ ಆಶ್ರಯದಲ್ಲಿದ್ದರು, ಅವರು ಗೋವೆಯ ಮೇಲೆ 52 ಹಡಗುಗಳಲ್ಲಿ ದಂಡೆತ್ತಿ ಹೋದಾಗ ಜೊತೆಗೂ ಹೋದರು. ಹೊನ್ನಾವರದ ಊಟದ ಬಗ್ಗೆ ಅವರು ಬರೆಸಿದ್ದು ಓದಿದರೆ ಬಾಯಲ್ಲಿ ನೀರೂರುತ್ತದೆ: ಅನ್ನ, ತುಪ್ಪ, ಮೆಣಸು ಶುಂಠಿ ಲಿಂಬೆ ಮಾವಿನ ಉಪ್ಪಿನಕಾಯಿ, ಕೋಳಿ, ಮೀನು, ಕೊನೆಗೆ ಮೊಸರು. ಆದರೂ ರೊಟ್ಟಿ ತಿಂದು ಬೆಳೆದವರಲ್ವಾ, ತಿಂಗಳುಗಟ್ಟಲೆ ಬರೀ ಅನ್ನ ತಿಂದು ಸಾಕಾಯಿತು ಎಂದು ಗೊಣಗಿದ್ದಾರೆ. ಕಡೆಗೆ 1343ರಲ್ಲಿ ಕಲ್ಲಿಕೋಟೆಯಿಂದ ಹಡಗು ಹತ್ತಿ ಮಾಲ್ದೀವ್ಸ್‌ಗೆ ಹೋದರು.

ಮಾಲೆ ಎಂದರೆ ಎಷ್ಟು ದೊಡ್ಡ ಊರು? ನಡೆದೇ ಸುತ್ತಬಹುದಾದ ಮರಳು ದಿಬ್ಬ. ಆದರೆ ಅಲ್ಲಿ ಆಡಳಿತ ಅಚ್ಚುಕಟ್ಟಾಗಿ ನಡೆಯುತ್ತಿತ್ತು. ಬೀದಿಗಳನ್ನು ಗುಡಿಸಿ ಚೊಕ್ಕಟವಾಗಿಟ್ಟಿದ್ದರು, ಎರಡೂ ಕಡೆ ಮರಗಳ ನೆರಳು, ತೋಟದೊಳಗೆ ನಡೆದ ಹಾಗೆ. ನೆಲದಲ್ಲಿ ಸ್ವಲ್ಪ ತೋಡಿದರೆ ನೀರು. ಪ್ರತಿ ಮನೆಯ ಬಾಗಿಲಲ್ಲಿ ನೀರಿನ ಹಂಡೆ, ಉದ್ದ ಹಿಡಿಯ ಗೆರಟೆಯ ಸೌಟು, ತೆಂಗಿನ ನಾರಿನ ಒರಟು ಚಾಪೆ. ಬಂದವರು ಕಾಲು ತೊಳೆದು ಉಜ್ಜಿ ಒಳಗೆ ಹೋಗಬೇಕು. ಮಸೀದಿಯ ಬಾಗಿಲಲ್ಲೂ ಇದೇ ಕ್ರಮ.

ಹುದ್ದೆಗಳೂ ಪಾಲುಪಾಲಾಗಿದ್ದವು. ವಝೀರ್, ಖಾಝಿ, ಖತೀಬ್, ಲೆಕ್ಕದ ಅಧಿಕಾರಿ, ಸುಂಕದ ಅಧಿಕಾರಿ, ಕಡಲಿನ ಅಧಿಕಾರಿ, ಒಬ್ಬೊಬ್ಬರಿಗೂ ದಿವೇಹಿ ಭಾಷೆಯಲ್ಲಿ ಬೇರೆ ಬೇರೆ ಹೆಸರು. ಖಾಝಿಯನ್ನು ಫಂಡಿಯಾರು ಎನ್ನುತ್ತಿದ್ದರು. ಅವನ ಮಾತಿಗೆ ಎಲ್ಲರಿಗಿಂತ ಹೆಚ್ಚು ತೂಕ. ಮೂರು ದ್ವೀಪಗಳ ಆದಾಯವನ್ನು ಹಿಂದಿನ ಸುಲ್ತಾನರೊಬ್ಬರು ಆ ಹುದ್ದೆಗೇ ಬಿಟ್ಟುಕೊಟ್ಟಿದ್ದರು. ಆಜ್ಞೆಗಳನ್ನು ಓಲೆಗರಿಯ ಮೇಲೆ ಬಾಗಿದ ಕಬ್ಬಿಣದ ಕಡ್ಡಿಯಿಂದ ಕೊರೆಯುತ್ತಿದ್ದರು, ಕಾಗದ ಕುರ್‌ಆನಿಗೆ ಮತ್ತು ಇಲ್ಮಿನ ಗ್ರಂಥಗಳಿಗೆ ಮಾತ್ರ ಮೀಸಲು. ಬರುವ ಹಡಗಿನ ಸರಕಿನಲ್ಲಿ ಒಂದು ಪಾಲನ್ನು ಸರಕಾರ ನಿಗದಿ ಬೆಲೆಗೆ ಕೊಳ್ಳುತ್ತಿತ್ತು. ಅದಕ್ಕೆ ಪ್ರತಿ ದ್ವೀಪದಲ್ಲೂ ಮರದ ಉಗ್ರಾಣ. ಸುಮಾರು ಸಾವಿರ ಮಂದಿ ಸೈನಿಕರ ಸಂಬಳ ಆ ಉಗ್ರಾಣದ ಅಕ್ಕಿಯಲ್ಲೇ ತಿಂಗಳು ತಿಂಗಳು ಬಟವಾಡೆ. ಚಿಲ್ಲರೆ ಹಣವೆಂದರೆ ಕವಡೆ. ಒಂದು ಚಿನ್ನದ ದೀನಾರಿಗೆ ನಾಲ್ಕು ಲಕ್ಷ ಕವಡೆ, ಬೆಲೆ ಇಳಿದಾಗ ಹನ್ನೆರಡು ಲಕ್ಷ. ಒಣಮೀನು ಮತ್ತು ತೆಂಗಿನ ಕತ್ತ ಹೊರದೇಶಕ್ಕೆ ಹೋಗುತ್ತಿದ್ದವು. ಆ ಕತ್ತದಿಂದಲೇ ಹಡಗಿನ ಹಲಗೆಗಳನ್ನು ಹೊಲಿಯುತ್ತಿದ್ದುದು. ಮೊಳೆ ಹೊಡೆದ ಹಡಗು ಬಂಡೆಗೆ ತಾಗಿದರೆ ಒಡೆಯುತ್ತದೆ, ಹೊಲಿದದ್ದು ಬಾಗಿ ಉಳಿಯುತ್ತದೆ.

ಮತ್ತೊಂದು ಸಂಗತಿ. ಸಿಂಹಾಸನದ ಮೇಲಿದ್ದದ್ದು ಹೆಂಗಸು. ಸುಲ್ತಾನಾ ಖದೀಜಾ. ಅವರ ತಮ್ಮ ಶಿಹಾಬುದ್ದೀನನನ್ನು ಪದಚ್ಯುತಗೊಳಿಸಿ ಇವರನ್ನು ಕೂರಿಸಿದ್ದರು. ಪ್ರತಿ ಶುಕ್ರವಾರ ಖುತ್ಬಾದಲ್ಲಿ ತಂದೆ ಮತ್ತು ಅಜ್ಜನ ಹೆಸರಿನೊಂದಿಗೆ ಇವರ ಹೆಸರನ್ನೇ ಓದುತ್ತಿದ್ದರು, ಓಲೆಯ ಆಜ್ಞೆಗಳೂ ಇವರ ಹೆಸರಲ್ಲೇ. ದಿನದ ವ್ಯವಹಾರ ನೋಡಿಕೊಳ್ಳುತ್ತಿದ್ದದ್ದು ಗಂಡ, ವಝೀರ್ ಜಮಾಲುದ್ದೀನ್. (ಹೊನ್ನಾವರದ ಜಮಾಲುದ್ದೀನರೇ ಬೇರೆ, ಇವರೇ ಬೇರೆ.)

ಇಬ್ನ್ ಬತೂತರಿಗೆ ಅಲ್ಲಿ ನಿಲ್ಲುವ ಮನಸ್ಸಿರಲಿಲ್ಲ. ತಾನು ದಿಲ್ಲಿಯ ಖಾಝಿಯಾಗಿದ್ದವನೆಂದು ಯಾರಿಗೂ ಹೇಳದೆ, ಮುಂದೆ ಸಿಲೋನಿಗೆ, ಬಂಗಾಲಕ್ಕೆ ಹೋಗುವ ಯೋಚನೆಯಲ್ಲಿದ್ದರು. ಆದರೆ ಬೇರೆ ಹಡಗಿನಲ್ಲಿ ಬಂದ ಫಕೀರರು ಗುಟ್ಟು ಬಿಟ್ಟುಕೊಟ್ಟರು. ಕಲಿತ ಖಾಝಿಯೊಬ್ಬ ತಾನಾಗಿ ಮನೆ ಬಾಗಿಲಿಗೆ ಬಂದಿರುವಾಗ ವಝೀರ್ ಬಿಡುತ್ತಾರೆಯೇ? ಸೇವಕರು, ಮುತ್ತು, ಬಟ್ಟೆ, ಕವಡೆ ಎಲ್ಲ ಕಳಿಸಿ ಕಟ್ಟಿಹಾಕಿಬಿಟ್ಟರು. ಊರಿನ ದೊಡ್ಡ ಮನೆಗಳಿಂದ ನಾಲ್ಕು ಮದುವೆಯೂ ಆಯಿತು, ಅದರಲ್ಲಿ ಒಬ್ಬರು ಸುಲ್ತಾನಾರ ಮಲತಾಯಿ.

ಖಾಝಿ ಹುದ್ದೆ ಬಂದ ಕಾರಣ ಮಾತ್ರ ಗಮನಿಸಬೇಕಾದದ್ದು. ಅಲ್ಲಿನ ಹಿಂದಿನ ಖಾಝಿ, ಸತ್ತವರ ಆಸ್ತಿಯನ್ನು ವಾರಸುದಾರರಿಗೆ ಪಾಲು ಮಾಡಿಕೊಡುವಾಗ ಹತ್ತನೇ ಒಂದು ಭಾಗವನ್ನು ತಾನೇ ಇಟ್ಟುಕೊಳ್ಳುವ ಪದ್ಧತಿ ಇತ್ತು. ಇಬ್ನ್ ಬತೂತ ಇದನ್ನು ಒಪ್ಪಲಿಲ್ಲ. ಪಾಲು ಮಾಡಿಕೊಟ್ಟ ಶ್ರಮಕ್ಕೆ ವಾರಸುದಾರರ ಜೊತೆ ಮೊದಲೇ ಮಾತಾಡಿಕೊಂಡ ಕೂಲಿ ಪಡೆಯಬಹುದು, ಅಷ್ಟೇ. ಅನಾಥರ, ವಿಧವೆಯರ ಪಾಲಿನಿಂದ ಹತ್ತನೇ ಒಂದು ಕಿತ್ತುಕೊಳ್ಳಲು ಯಾವ ಹಕ್ಕೂ ಇಲ್ಲ ಎಂಬುದು ಅವರ ನಿಲುವು. ಆ ಆಕ್ಷೇಪವೇ ಅವರನ್ನು ಆ ಗಾದಿಗೆ ಏರಿಸಿತು. ಮೀರಾಸ್ ಪಾಲಿನ ವಿಷಯದಲ್ಲಿ ಎಷ್ಟು ಮನೆಗಳಲ್ಲಿ ಹೆಣ್ಣುಮಕ್ಕಳ ಹಕ್ಕು ನಡುದಾರಿಯಲ್ಲೇ ಕರಗಿಹೋಗುತ್ತದೆ ಎಂಬುದನ್ನು ಕಂಡವರಿಗೆ ಈ ಒಂದು ಕೆಲಸದ ಬೆಲೆ ಗೊತ್ತಾದೀತು. ಅವರ ಇಡೀ ಖಾಝಿಗಿರಿಯಲ್ಲಿ ನನಗೆ ಅತ್ಯಂತ ದೊಡ್ಡದಾಗಿ ಕಾಣುವುದು ಇದೇ. ಇದಕ್ಕೆ ಚಾವಟಿ ಬೇಕಾಗಲಿಲ್ಲ.

ಇಮಾಮರು, ಮುಅಝ್ಝಿನ್‌ಗಳ ವಿಷಯಕ್ಕೂ ಕೈ ಹಾಕಿದರು. ಸಂಬಳ ಪಡೆಯುವವರು ಕೆಲಸಕ್ಕೆ ಸರಿಯಾಗಿ ಹಾಜರಾಗಬೇಕು ಎಂದು ಕಟ್ಟುನಿಟ್ಟು ಮಾಡಿದರು, ಎಲ್ಲ ದ್ವೀಪಗಳಿಗೂ ಅದೇ ಪ್ರಕಾರ ಪತ್ರ ಕಳಿಸಿದರು. ಇದೂ ಬೇಕಾದ ಕೆಲಸವೇ. ಆಮೇಲಿನದ್ದು ಸ್ವಲ್ಪ ಬಿಸಿಯಾಯಿತು. ಜುಮಾ ಮುಗಿದ ಮೇಲೆ ಆಳುಗಳನ್ನು ಬೀದಿಗೂ ಪೇಟೆಗೂ ಅಟ್ಟಿ, ನಮಾಝ್‌ಗೆ ಬಾರದವರನ್ನು ಹಿಡಿದು ಹೊಡೆಸಿ ಊರಿಡೀ ಮೆರವಣಿಗೆ ಮಾಡಿಸಿದರು. ಒಮ್ಮೆ ಕಳ್ಳನೊಬ್ಬನ ಬಲಗೈ ಕಡಿಸುವ ಆಜ್ಞೆ ಮಾಡಿದಾಗ ಅಲ್ಲಿ ಕೂತಿದ್ದ ಹಲವರು ಮೂರ್ಛೆ ಬಿದ್ದರು. ಜಗಳ ಗೊತ್ತಿಲ್ಲದ, ದುಆ ಒಂದೇ ಆಯುಧವಾಗಿದ್ದ ಜನ ಎಂದು ಅವರೇ ಇನ್ನೊಂದು ಕಡೆ ಹೇಳಿದ ಊರದು. ಜೈಲೇ ಇರಲಿಲ್ಲ, ತಪ್ಪಿತಸ್ಥರನ್ನು ಸರಕಿನ ಮರದ ಮನೆಯಲ್ಲಿ ಕೂಡಿಹಾಕುತ್ತಿದ್ದರು.

ವಿಚ್ಛೇದಿತ ಹೆಂಗಸರ ವಿಷಯದಲ್ಲಿ ಅವರು ಮಾಡಿದ್ದು ಇದಕ್ಕಿಂತ ದೊಡ್ಡದು. ತಲಾಕ್ ಆದ ಮೇಲೂ ಹೆಂಗಸು ಇನ್ನೊಂದು ಮದುವೆಯಾಗುವವರೆಗೆ ಮೊದಲಿನ ಗಂಡನ ಮನೆಯಲ್ಲೇ ಇರುವುದು ಆ ದ್ವೀಪಗಳ ರೂಢಿ. ಇದ್ದತ್ ಮುಗಿದ ಮೇಲೆ ಅವರಿಬ್ಬರೂ ಪರಕೀಯರು, ಒಂದೇ ಸೂರಿನಡಿ ಇರುವಂತಿಲ್ಲ ಎಂಬುದು ಫಿಕ್ಹ್. ಹೊಸ ಖಾಝಿ ಹೀಗೆ ನಡೆದುಕೊಂಡ ಸುಮಾರು 25 ಮಂದಿ ಗಂಡಸರನ್ನು ಕರೆಸಿ, ಹೊಡೆಸಿ, ಪೇಟೆಯಲ್ಲಿ ಸುತ್ತಾಡಿಸಿ, ಹೆಂಗಸರನ್ನು ಆ ಮನೆಗಳಿಂದ ಹೊರಗೆ ಕಳಿಸಿದರು.

ಕಾನೂನಿನ ಮಟ್ಟಿಗೆ ಖಾಝಿ ಹೇಳಿದ್ದು ಸರಿ, ಅದರಲ್ಲಿ ತಕರಾರಿಲ್ಲ. ಆದರೆ ಆ ರೂಢಿ ಯಾಕೆ ಹುಟ್ಟಿಕೊಂಡಿತು ಎಂದು ಒಂದು ಕ್ಷಣ ಯೋಚಿಸಿ ನೋಡಿ. ಗಂಡಸರು ತಿಂಗಳುಗಟ್ಟಲೆ ಕಡಲಲ್ಲಿರುವ, ಹೊರಗಿನ ವರ್ತಕರು ಬಂದು ಮದುವೆಯಾಗಿ ಹಡಗು ಹೊರಡುವಾಗ ತಲಾಕ್ ಕೊಟ್ಟು ಹೋಗುವ, ಹೆಂಗಸರು ದ್ವೀಪ ಬಿಟ್ಟು ಎಲ್ಲಿಗೂ ಹೋಗದ ನಾಡು ಅದು. ಅಲ್ಲಿ ಒಂಟಿ ಹೆಂಗಸಿನ ತಲೆ ಮೇಲೆ ಒಂದು ಸೂರು ಉಳಿಯಲಿ ಎಂದು ಊರು ಕಂಡುಕೊಂಡ ಉಪಾಯ ಅದಾಗಿರಬಹುದೆಂದು ನನಗೆ ಅನಿಸುತ್ತದೆ. ಹೊರಬಿದ್ದ ಆ ಹೆಂಗಸರಿಗೆ ಬೇರೆ ಮನೆ ಯಾರು ಕೊಟ್ಟರು, ತವರಿಲ್ಲದವರ ಗತಿ ಏನು, ಬೈತುಲ್ ಮಾಲಿನಿಂದ ಏನಾದರೂ ಗೊತ್ತು ಮಾಡಿದರೇ ಎಂಬುದಕ್ಕೆ ಅವರ ಪುಸ್ತಕದಲ್ಲಿ ಒಂದು ಸಾಲೂ ಇಲ್ಲ. ಗಂಡಸರ ಬೆನ್ನಿನ ಲೆಕ್ಕ 25 ಎಂದು ಬರೆಸಿದವರು ಹೆಂಗಸರ ಲೆಕ್ಕ ಬರೆಸಲಿಲ್ಲ. ಪುಸ್ತಕ ಅವರದು, ಸಾಕ್ಷಿಯೂ ಅವರೇ. ಮಾಲೆಯವರ ಕಡೆಯ ಕಥೆ ಅದರಲ್ಲಿಲ್ಲ. ಫತ್ವಾ ಸರಿಯಿದ್ದರೂ ಅದರ ಬೆನ್ನಿಗೆ ಒಂದು ವ್ಯವಸ್ಥೆ ಬೇಕಾಗುತ್ತದೆ. ಜಮಾಅತ್ ಕಮಿಟಿಯಲ್ಲಿ ತಲಾಕಿನ ಪಂಚಾಯಿತಿಗೆ ಕೂತು ಎದ್ದ ಹಿರಿಯರಿಗೆ ಇದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಹೆಂಗಸರ ಉಡುಪಿನ ವಿಷಯದಲ್ಲಂತೂ ಅವರು ಪೂರ್ತಿ ಸೋತರು. ದ್ವೀಪದ ಹೆಂಗಸರು ಸೊಂಟದಿಂದ ಕೆಳಗೆ ಮಾತ್ರ ಬಟ್ಟೆ ಉಡುತ್ತಿದ್ದರು; ತಲೆಗೆ, ಮೈಗೆ ಹೊದಿಕೆಯ ರೂಢಿಯಿರಲಿಲ್ಲ. ಸುಲ್ತಾನಾರೂ ಇದಕ್ಕೆ ಹೊರತಲ್ಲ. ಐದು ಹೊತ್ತಿನ ನಮಾಝ್, ಉಪವಾಸ, ದಾನಧರ್ಮ ಎಲ್ಲದರಲ್ಲೂ ನಿಷ್ಠೆಯ ಜನ, ಇದೊಂದು ಮಾತ್ರ ಅವರ ಹವೆ, ಅವರ ಅಭ್ಯಾಸ. ಖಾಝಿ ಎಷ್ಟು ಹೇಳಿದರೂ ನಡೆಯಲಿಲ್ಲ. ಕೊನೆಗೆ ನ್ಯಾಯಕ್ಕಾಗಿ ತನ್ನೆದುರು ಬರುವ ಹೆಂಗಸು ಮೈ ಮುಚ್ಚಿಕೊಂಡೇ ಬರಬೇಕು ಎಂಬ ನಿಯಮ ಮಾಡಿ ಕೈಬಿಟ್ಟರು. ಅದರಾಚೆ ತನ್ನ ಕೈಯಲ್ಲಿ ಆಗಲಿಲ್ಲ ಎಂದು ಬಿಚ್ಚುಮನಸ್ಸಿನಿಂದ ಒಪ್ಪಿಕೊಂಡಿದ್ದಾರೆ, ಅದನ್ನು ಮೆಚ್ಚಬೇಕು.

ಸಣ್ಣ ಊರಿನಲ್ಲಿ ದೊಡ್ಡ ಮನುಷ್ಯನಾಗಿ ಬದುಕುವುದು ಸುಲಭವಲ್ಲ. ಅಲ್ಲಿ ಕುದುರೆ ಏರುತ್ತಿದ್ದವರು ವಝೀರ್ ಒಬ್ಬರೇ, ಮಿಕ್ಕವರೆಲ್ಲ ನಡಿಗೆ. ಇವರಿಗೂ ಕುದುರೆ ಸಿಕ್ಕಿತು. ಇವರು ಕುದುರೆ ಏರಿ ಬೀದಿಗಿಳಿದರೆ ಮಕ್ಕಳು ಮರಿ ಎಲ್ಲ ಹಿಂದೆ ಓಡಿ ಬರುತ್ತಿದ್ದರು. ಕಾಟ ತಡೆಯಲಾರದೆ ದೂರು ಕೊಟ್ಟರು. ಯಾರೂ ಖಾಝಿಯ ಹಿಂದೆ ಹೋಗಬಾರದು ಎಂದು ಊರಲ್ಲಿ ಸಾರಲಾಯಿತು. ಸಾರಲು ಬಾರಿಸುತ್ತಿದ್ದ ಹಿತ್ತಾಳೆಯ ತಟ್ಟೆಯ ಹೆಸರನ್ನು ಅವರು ದುನ್‌ಕುರಾ ಎಂದು ಕೊಟ್ಟಿದ್ದಾರೆ. ನಮ್ಮ ಡಂಗುರವೇ ಕಿವಿಗೆ ಬಿದ್ದ ಹಾಗಿದೆ ಅಲ್ವಾ?

ವಝೀರರ ಜೊತೆ ಮನಸ್ತಾಪ ಬೆಳೆದದ್ದು ಒಂದು ಶಿಕ್ಷೆಯ ವಿಷಯಕ್ಕೆ. ಹಿಂದಿನ ಸುಲ್ತಾನ್ ಶಿಹಾಬುದ್ದೀನನ ಗುಲಾಮನೊಬ್ಬ ವ್ಯಭಿಚಾರದ ಆರೋಪದಲ್ಲಿ ಸಿಕ್ಕಿಬಿದ್ದ. ಖಾಝಿ ಅವನನ್ನು ಹೊಡೆಸಿ ಕೂಡಿಹಾಕಿದರು. ಬಿಟ್ಟುಬಿಡಿ ಎಂದು ವಝೀರ್ ತಮ್ಮ ಕಡೆಯ ದೊಡ್ಡವರನ್ನು ಕಳಿಸಿದರು. ಪ್ರಭಾವಿಗಳ ಶಿಫಾರಸು ಕಂಡರೆ ಬಗ್ಗುವ ಜಾತಿಯವರಲ್ಲ ಇಬ್ನ್ ಬತೂತ. ಸುಲ್ತಾನನನ್ನೇ ಇಂಥದ್ದೊಂದು ತಪ್ಪಿಗಾಗಿ ಇಳಿಸಿ ಕೊಂದವರು ನೀವು, ಈಗ ಅವನ ಗುಲಾಮನಿಗೆ ಶಿಫಾರಸು ತರುತ್ತೀರಾ ಎಂದು ಕೇಳಿದರು. ಅಲ್ಲಿಗೆ ಬಿಟ್ಟಿದ್ದರೆ ನ್ಯಾಯ ಗೆದ್ದ ಹಾಗಾಗುತ್ತಿತ್ತು. ಆದರೆ ಆ ಸಿಟ್ಟಿನಲ್ಲೇ ಗುಲಾಮನನ್ನು ಮತ್ತೆ ಕರೆಸಿ, ಚಾವಟಿಗಿಂತ ಹೆಚ್ಚು ನೋಯಿಸುವ ಬಿದಿರಿನ ಕೋಲಿನಿಂದ ಹೊಡೆಸಿ, ಕೊರಳಿಗೆ ಹಗ್ಗ ಹಾಕಿ ದ್ವೀಪವೆಲ್ಲ ಸುತ್ತಿಸಿದರು. ಒಬ್ಬ ದಿಕ್ಕಿಲ್ಲದವನ ಬೆನ್ನ ಮೇಲೆ ಇಬ್ಬರು ದೊಡ್ಡವರ ಹಠ ಇಳಿಯಿತು.

ವಝೀರ್ ಕೆಂಡವಾದರು. ದಂಡನಾಯಕರನ್ನೆಲ್ಲ ಸೇರಿಸಿ ಖಾಝಿಯನ್ನು ಕರೆಸಿದರು. ಬಂದವರು ಅಲ್ಲಿನ ಪದ್ಧತಿಯಂತೆ ಬಗ್ಗಿ ವಂದಿಸಲಿಲ್ಲ, ಬರಿ ಸಲಾಂ ಹೇಳಿ, ಅಧಿಕಾರ ನಡೆಸಲು ಬಿಡದಿದ್ದರೆ ಈ ಹುದ್ದೆ ನನಗೆ ಬೇಡ, ಇದಕ್ಕೆ ನೀವೆಲ್ಲ ಸಾಕ್ಷಿ ಎಂದುಬಿಟ್ಟರು. ಮಾತಿಗೆ ಮಾತು ಬೆಳೆಯಿತು. ಅಷ್ಟರಲ್ಲಿ ಮಗ್ರಿಬ್‌ನ ಬಾಂಗ್ ಆಯಿತು. ಬೈಯಬೇಕೆಂದು ಕರೆಸಿದರೆ ಇವನೇ ನನ್ನನ್ನು ಬೈಯುತ್ತಾನಲ್ಲ ಎಂದು ವಝೀರ್ ಗೊಣಗುತ್ತಾ ಒಳಗೆ ಹೋದರು. ರಾಜೀನಾಮೆಯ ಮಾತು ಬಂದಾಗ, ಹೋಗುವುದಾದರೆ ಮೊದಲು ಸಾಲ ತೀರಿಸಿ, ಹೆಂಡತಿಯರ ಮಹರ್ ಕೊಟ್ಟು ಹೋಗಲಿ ಎಂಬ ಉತ್ತರ ಬಂತು. ಇವರು ನಿಜವಾಗಿಯೂ ತೀರಿಸಲು ಕೂತಾಗ ವಝೀರರೇ ಮೆತ್ತಗಾದರು. ಊರಿಗೆ ಖಾಝಿ ಬೇಕಿತ್ತು. ಆದರೆ ಒಡಕು ಕೂಡಲಿಲ್ಲ. ಮಧುರೆಯಲ್ಲಿ ಆಳುತ್ತಿದ್ದ ಮಅಬರಿನ ಸುಲ್ತಾನ್ ಘಿಯಾಸುದ್ದೀನನ ಹೆಂಡತಿಯೂ ಇವರ ಇನ್ನೊಬ್ಬ ಹೆಂಡತಿಯೂ ಅಕ್ಕತಂಗಿಯರು. ಇವರು ಹೊರಗಿನಿಂದ ದಂಡು ತರಿಸಿಯಾರು ಎಂಬ ಸಂಶಯ ಮಾಲೆಯಲ್ಲಿ ಹಬ್ಬಿತು. 1344ರ ಆಗಸ್ಟ್‌ನಲ್ಲಿ ದ್ವೀಪ ಬಿಟ್ಟರು. ಹೆಂಡತಿಯರಿಗೆ ತಲಾಕ್ ಕೊಟ್ಟೇ ಹೋದದ್ದು. ಅವರ ಪೈಕಿ ಒಬ್ಬರು ಬಸುರಿ.

ಆ ಸಂಶಯ ಸುಳ್ಳಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಸಿಲೋನಿನಲ್ಲಿ ಆದಮ್ ಮಲೆ ಹತ್ತಿ ಮಅಬರಿಗೆ ಬಂದ ಮೇಲೆ, ಅಲ್ಲಿನ ಸುಲ್ತಾನನ ಜೊತೆ ಕೂತು ಮಾಲ್ದೀವ್ಸ್ ಮೇಲೆ ಹಡಗು ಕಳಿಸುವ ಯೋಜನೆ ಹಾಕಿದರು. ತನಗೆ ಅನ್ನ ಕೊಟ್ಟ ಊರಿನ ಮೇಲೆ! ಸುಲ್ತಾನ್ ಕಾಯಿಲೆ ಬಿದ್ದು ತೀರಿಹೋದದ್ದರಿಂದ ಅದು ಅಲ್ಲಿಗೇ ನಿಂತಿತು. ಹೊಗಳಿ ಬರೆಯುವವರು ಈ ಭಾಗವನ್ನು ಬಿಟ್ಟುಬಿಡುವುದುಂಟು. ಅವರು ಮಾತ್ರ ತಾವೇ ಬರೆಸಿದ್ದಾರೆ.

ಮುಂದೊಂದು ದಿನ ಮಗನನ್ನು ನೋಡಲು ಮತ್ತೆ ಹೋದರು. ಆ ಹೊತ್ತಿಗೆ ವಝೀರ್ ಜಮಾಲುದ್ದೀನ್ ಇರಲಿಲ್ಲ. ಸುಲ್ತಾನಾ ಖದೀಜಾ ವಝೀರ್ ಅಬ್ದುಲ್ಲಾರನ್ನು ಮದುವೆಯಾಗಿದ್ದರು, ಸಿಂಹಾಸನ ಹಾಗೆಯೇ ಅವರದ್ದಾಗಿತ್ತು. ಮಗುವಿಗೆ ಎರಡು ವರ್ಷ. ತಾಯಿಯಿಂದ ಕರೆದುಕೊಂಡು ಹೋಗುವ ಮನಸ್ಸಿತ್ತು. ಮಗುವನ್ನು ತಂದು ತೋರಿಸಿದಾಗ, ಇವನು ಇವರ ಬಳಿ ಇರುವುದೇ ಒಳ್ಳೆಯದು ಎಂದು ಅನಿಸಿ ಹಿಂದಕ್ಕೆ ಕೊಟ್ಟರು. ಐದು ದಿನವಷ್ಟೇ ಇದ್ದು ಹೊರಟರು. ಆ ಊರಿನಲ್ಲಿ ಅವರು ಮಾಡಿದ ತೀರ್ಪುಗಳ ಪೈಕಿ ಇದಕ್ಕೆ ಯಾರೂ ತಕರಾರು ಎತ್ತಲಿಕ್ಕಿಲ್ಲ.

ಬಂಗಾಲ, ಸುಮಾತ್ರ, ಚೀನಾ ಎಂದು ಸುತ್ತಿ 1349ರಲ್ಲಿ ಮೊರೊಕ್ಕೊ ಮುಟ್ಟಿದಾಗ ತಂದೆತಾಯಿ ಇಬ್ಬರೂ ಇರಲಿಲ್ಲ. ಆಮೇಲೂ ಒಮ್ಮೆ ಸ್ಪೇನಿನ ಗ್ರಾನಡಕ್ಕೆ, ಇನ್ನೊಮ್ಮೆ ಮರುಭೂಮಿ ದಾಟಿ ಮಾಲಿ ದೇಶಕ್ಕೆ ಹೋಗಿ ಬಂದರು. ಫೆಝ್ ನಗರದಲ್ಲಿ ಸುಲ್ತಾನರ ಅಪ್ಪಣೆಯಂತೆ ಇಬ್ನ್ ಜುಝೈ ಎಂಬ ವಿದ್ವಾಂಸರಿಗೆ ಎಲ್ಲವನ್ನೂ ಹೇಳಿ ಬರೆಸಿದರು. 1355ರ ಡಿಸೆಂಬರ್‌ನಲ್ಲಿ ಅದು ಮುಗಿಯಿತು. ರಿಹ್ಲಾ ಎಂದು ಪ್ರಸಿದ್ಧವಾದ ಪುಸ್ತಕ ಇದೇ. ಬಹುಪಾಲು ನೆನಪಿನಿಂದ ಹೇಳಿದ್ದು. ಚೀನಾದ ಭಾಗವನ್ನು ವಿದ್ವಾಂಸರು ಸಂಶಯದಿಂದ ನೋಡುತ್ತಾರೆ. ಮಾಲ್ದೀವ್ಸ್ ಮತ್ತು ನಮ್ಮ ಕರಾವಳಿಯ ಭಾಗಗಳಿಗೆ ಹೆಚ್ಚು ಬೆಲೆಯಿದೆ. ಅರಬಿ ಮೂಲ ಫ್ರೆಂಚ್ ಅನುವಾದದೊಂದಿಗೆ ಪ್ಯಾರಿಸ್‌ನಲ್ಲಿ ಪೂರ್ತಿಯಾಗಿ ಅಚ್ಚಾದದ್ದು 1853ರಿಂದ 1858ರ ನಡುವೆ. ಹೊನ್ನಾವರದ 13 ಶಾಲೆಗಳೂ, ಮಂಗಳೂರಿನ ಖಾಝಿ ಬದ್ರುದ್ದೀನರೂ, ಮಾಲೆಯ ಬೀದಿಗಳೂ ಆ ಮೂಲಕವೇ ಹೊರಗಿನ ಲೋಕಕ್ಕೆ ಗೊತ್ತಾದವು.

ಪುಸ್ತಕ ಮುಗಿಸಿದ ಮೇಲೆ ಇಬ್ನ್ ಬತೂತ ದೂರದ ಪ್ರಯಾಣ ಮಾಡಲಿಲ್ಲ. ಮೊರೊಕ್ಕೊದ ಒಂದು ಊರಿನಲ್ಲಿ ಮತ್ತೆ ಖಾಝಿಯಾದರು. ಹಿಜರಿ 770ರಲ್ಲಿ, ಅಂದರೆ 1368–69ರ ಹೊತ್ತಿಗೆ, ಆ ಹುದ್ದೆಯಲ್ಲಿರುವಾಗಲೇ ತೀರಿಕೊಂಡರು.